ಮಗಳ ಗಾಲ್ಫ್ ಸ್ವಿಂಗ್ ಫೋಟೋದಲ್ಲಿ ಕ್ಲಬ್ ಬಾಗಿ ಬರುತ್ತಿದೆ, ಯಾಕೆ?

ಕ್ಯಾಮೆರಾಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ 15 ವರ್ಷ, ಗಾಲ್ಫ್ ಹುಚ್ಚು. ಅವಳ ಸ್ವಿಂಗ್‌ನ ಒಂದೇ ಒಂದು ಒಳ್ಳೆ ಫೋಟೋ ತೆಗೆಯಬೇಕು ಅನ್ನುವುದು ನನ್ನ ಹುಚ್ಚು. ಆಗುತ್ತಿಲ್ಲ.

ಕ್ಯಾಮೆರಾ ಸಾಧಾರಣ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರ್) ಮಿರರ್‌ಲೆಸ್, ಲೆನ್ಸ್ 70-300 ಜೂಮ್. ಶಟರ್ 1/2000 ಸೆಕೆಂಡ್ ಇಟ್ಟು ಬರ್ಸ್ಟ್, ಅಂದರೆ ಒಂದರ ಹಿಂದೊಂದು ಫೋಟೋ, ಹೊಡೆಯುತ್ತೇನೆ. ಕ್ಲಿಕ್ ಸದ್ದು ಕೇಳಿದರೆ ಅವಳಿಗೆ ಮೈಯೆಲ್ಲಾ ಉರಿಯುತ್ತದೆ, ಅದಕ್ಕೇ ಸೈಲೆಂಟ್ ಮೋಡ್. ಸಮಸ್ಯೆ ಏನೆಂದರೆ ಕ್ಲಬ್ ಬಿಲ್ಲಿನ ಹಾಗೆ ಬಾಗಿ ಬರುತ್ತದೆ. ಬ್ಲರ್ ಅಲ್ಲ, ಸ್ಪಷ್ಟವಾಗಿಯೇ ಇದೆ, ಆದರೆ ಬಾಗಿದೆ. ಚೆಂಡಿಗೆ ಏಟು ಬೀಳುವ ಕ್ಷಣವಂತೂ ಒಂದು ಸಲವೂ ಸಿಕ್ಕಿಲ್ಲ. ಒಂದು ಫ್ರೇಮ್‌ನಲ್ಲಿ ಕ್ಲಬ್ ಇನ್ನೂ ಮೇಲಿರುತ್ತದೆ, ಮುಂದಿನದರಲ್ಲಿ ಚೆಂಡು ನಾಪತ್ತೆ. ಇನ್ನು ಮುಖ, ಟೋಪಿಯ ನೆರಳಿನಲ್ಲಿ ಕಪ್ಪು.

ಶಟರ್ ಇನ್ನೂ ಜಾಸ್ತಿ ಮಾಡಬೇಕಾ? ಕ್ಯಾಮೆರಾನೇ ಬದಲಿಸಬೇಕಾ? ಫೋಟೋ ಇಲ್ಲಿ ಹಾಕಲು ಅವಳು ಒಪ್ಪಿಲ್ಲ, ಹಾಗಾಗಿ ಬಾಯಿಮಾತಿನಲ್ಲೇ ಹೇಳುತ್ತಿದ್ದೇನೆ.

ಸುಮ್ನೆಬಂದೆ
1/8000 ಇಡಿ. ಎಲ್ಲಾ ಸರಿಹೋಗುತ್ತದೆ.

ಲೆಕ್ಕದಮೇಷ್ಟ್ರು
ಸರಿಹೋಗುವುದಿಲ್ಲ. ಇದು ಶಟರ್ ವೇಗದ ಸಮಸ್ಯೆಯೇ ಅಲ್ಲ.

ಮೇಡಂ, ನಿಮ್ಮ ಸೈಲೆಂಟ್ ಮೋಡ್ ಅಂದರೆ ಎಲೆಕ್ಟ್ರಾನಿಕ್ ಶಟರ್. ಅದರಲ್ಲಿ ಸೆನ್ಸರ್ ಇಡೀ ಚಿತ್ರವನ್ನು ಒಟ್ಟಿಗೆ ತೆಗೆದುಕೊಳ್ಳುವುದಿಲ್ಲ. ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತಾ ಬರುತ್ತದೆ. ಸಾಧಾರಣ ಕ್ಯಾಮೆರಾಗಳಿಗೆ ಇದಕ್ಕೆ 20 ಮಿಲಿಸೆಕೆಂಡ್ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಡ್ರೈವರ್ (ದೂರ ಹೊಡೆಯುವ ಉದ್ದ ಕ್ಲಬ್) ಬೀಸುವ ಹದಿಹರೆಯದವರ ಕ್ಲಬ್ ಹೆಡ್, ಅಂದರೆ ಕೋಲಿನ ತುದಿಯ ತಲೆ, ಇಂಪ್ಯಾಕ್ಟ್ (ಚೆಂಡಿಗೆ ತಾಗುವ ಕ್ಷಣ) ಹತ್ತಿರ ಸೆಕೆಂಡಿಗೆ ಸುಮಾರು 40 ಮೀಟರ್ ಓಡುತ್ತದೆ ಅಂತ ಇಟ್ಟುಕೊಳ್ಳಿ. 20 ಮಿಲಿಸೆಕೆಂಡ್‌ನಲ್ಲಿ ಅದು 80 ಸೆಂಟಿಮೀಟರ್ ಸಾಗಿರುತ್ತದೆ. ಅಂದರೆ ಕೈ ಇರುವ ಸಾಲು ಒಂದು ಹೊತ್ತಿನದು, ಕ್ಲಬ್ ಹೆಡ್ ಇರುವ ಸಾಲು ಇನ್ನೊಂದು ಹೊತ್ತಿನದು. ಎರಡನ್ನೂ ಜೋಡಿಸಿದರೆ ಕೋಲು ಬಾಗಿದಂತೆ ಕಾಣಲೇಬೇಕು. ಇದಕ್ಕೇ ರೋಲಿಂಗ್ ಶಟರ್ ಅನ್ನುವುದು.

1/8000 ಇಟ್ಟರೆ ಒಂದೊಂದು ಸಾಲೂ ಇನ್ನಷ್ಟು ಚೂಪಾಗುತ್ತದೆ, ಅಷ್ಟೇ. ಸಾಲುಗಳ ನಡುವಿನ ಸಮಯ ಹಾಗೇ ಇರುತ್ತದೆ. ಪರದೆ ಸರಿಯುವ ಮೆಕ್ಯಾನಿಕಲ್ ಶಟರ್‌ಗೆ ಬನ್ನಿ.

ಹಳೇಲೆನ್ಸು
ಮೇಷ್ಟ್ರೇ, ಒಂದು ತಕರಾರು. ಶಾಫ್ಟ್, ಅಂದರೆ ಕ್ಲಬ್ಬಿನ ಕೋಲು, ನಿಜವಾಗಿಯೂ ಬಾಗುತ್ತದೆ. ಅಮೆರಿಕದ ಎಂಐಟಿಯ ಪ್ರೊಫೆಸರ್ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲೇ ಕತ್ತಲ ಕೋಣೆಯಲ್ಲಿ ಸ್ಟ್ರೋಬ್ ದೀಪ ಮಿನುಗಿಸಿ ಗಾಲ್ಫ್ ಸ್ವಿಂಗ್ ತೆಗೆದಿದ್ದರು. 1938ರಲ್ಲಿ ಡೆನ್ಸ್‌ಮೋರ್ ಶೂಟ್ ಅನ್ನುವ ಆಟಗಾರನ ಸ್ವಿಂಗ್ ತೆಗೆದದ್ದರಲ್ಲಿ ಶಾಫ್ಟ್ ಬಾಗುವುದು ಕಾಣುತ್ತದೆ. ಅಲ್ಲಿ ರೋಲಿಂಗ್ ಶಟರ್ ಎಲ್ಲಿಂದ ಬರಬೇಕು?

ಲೆಕ್ಕದಮೇಷ್ಟ್ರು
ಒಪ್ಪಿದೆ. ಶಾಫ್ಟ್ ಬಾಗುತ್ತದೆ. ಡೌನ್‌ಸ್ವಿಂಗ್ (ಕ್ಲಬ್ ಕೆಳಕ್ಕೆ ಬರುವ ಹಂತ) ಶುರುವಿನಲ್ಲಿ ಹೆಡ್ ಹಿಂದೆ ಉಳಿಯುತ್ತದೆ, ಇಂಪ್ಯಾಕ್ಟ್ ಹತ್ತಿರ ಸ್ವಲ್ಪ ಮುಂದಕ್ಕೆ ಬರುತ್ತದೆ, ತುದಿ ಕೆಳಕ್ಕೂ ಜಗ್ಗುತ್ತದೆ. ಆದರೆ ಅದೆಲ್ಲ ಕೆಲವೇ ಸೆಂಟಿಮೀಟರ್ ಲೆಕ್ಕ. ಮೇಡಂ ಹೇಳುತ್ತಿರುವುದು ಬಿಲ್ಲು. ಅಷ್ಟು ಬಾಗಿದ್ದರೆ ಶಾಫ್ಟ್ ಮುರಿದು ಬೀಳುತ್ತಿತ್ತು.

ಕ್ಯಾಮೆರಾಅಮ್ಮ
ಮೇಷ್ಟ್ರೇ, ಅರ್ಥವಾಯಿತು, ಧನ್ಯವಾದ. ಮೆಕ್ಯಾನಿಕಲ್‌ಗೆ ಹೋದರೆ ಪೂರ್ತಿ ನೆಟ್ಟಗಾಗುತ್ತದಾ?

ಲೆಕ್ಕದಮೇಷ್ಟ್ರು
ಪೂರ್ತಿ ಅಲ್ಲ, ಆದರೆ ಕಣ್ಣಿಗೆ ಕಾಣದಷ್ಟು. ಮೆಕ್ಯಾನಿಕಲ್ ಶಟರ್‌ನ ಪರದೆಗೂ ಫ್ರೇಮ್ ದಾಟಲು ಸಮಯ ಬೇಕು. ಅದು ಸುಮಾರು 4 ಮಿಲಿಸೆಕೆಂಡ್ ಅಂತ ಹಿಡಿದರೆ, ಇಡೀ ಫ್ರೇಮ್ ಲೆಕ್ಕದಲ್ಲಿ 16 ಸೆಂಟಿಮೀಟರ್ ವ್ಯತ್ಯಾಸ. ಕ್ಲಬ್ ಫ್ರೇಮ್‌ನ ಒಂದು ಭಾಗದಲ್ಲಿ ಮಾತ್ರ ಇರುವುದರಿಂದ ಅದಕ್ಕಿಂತ ಕಮ್ಮಿ. ಯಾರೂ ಗಮನಿಸುವುದಿಲ್ಲ.

ಹೊಸಬಾಡಿ
ಇಷ್ಟೆಲ್ಲ ಯಾಕೆ? ಸೋನಿ ಎ9ರ ಮೂರನೇ ಮಾದರಿ ತೆಗೆದುಕೊಳ್ಳಿ. 2023ರಲ್ಲಿ ಘೋಷಣೆಯಾಯಿತು. ಗ್ಲೋಬಲ್ ಶಟರ್, ಇಡೀ ಸೆನ್ಸರ್ ಒಂದೇ ಸಲಕ್ಕೆ ಓದುತ್ತದೆ, ಸೆಕೆಂಡಿಗೆ 120 ಫ್ರೇಮ್, ಸದ್ದೂ ಇಲ್ಲ. ಅದು ಬೇಡ ಅಂದರೆ ನಿಕಾನ್ ಜಡ್9. ಅದರಲ್ಲಿ ಮೆಕ್ಯಾನಿಕಲ್ ಶಟರ್ರೇ ಇಲ್ಲ, ಸೆನ್ಸರ್ ಅಷ್ಟು ಬೇಗ ಓದುತ್ತದೆ.

ಹಳೇಲೆನ್ಸು
ಬಂತಪ್ಪಾ. ಯಾರು ಏನೇ ಕೇಳಲಿ, ಇವರದು ಒಂದೇ ಉತ್ತರ.

ಹೊಸಬಾಡಿ
ಕ್ಯಾಮೆರಾ ಬದಲಿಸಬೇಕಾ ಅಂತ ಕೇಳಿದ್ದು ಅವರೇ. ನಾನು ಉತ್ತರ ಕೊಟ್ಟೆ.

ಫೋನ್‌ಸಾಕು
ಫೋನ್ ಇದ್ದರೆ ಸಾಕು. ಐಫೋನ್‌ನಲ್ಲಿ 2014ರಿಂದಲೇ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಇದೆ. ಬೇಕಾದ ಫ್ರೇಮ್ ಆರಿಸಿಕೊಂಡು ಸ್ಕ್ರೀನ್‌ಶಾಟ್ ಹೊಡೆಯಿರಿ.

ಲೆಕ್ಕದಮೇಷ್ಟ್ರು
240 ಫ್ರೇಮ್ ಅಂದರೂ ಎರಡು ಫ್ರೇಮ್‌ಗಳ ನಡುವೆ 4 ಮಿಲಿಸೆಕೆಂಡ್. ಕ್ಲಬ್ ಹೆಡ್ ಅಷ್ಟರಲ್ಲಿ 16-17 ಸೆಂಟಿಮೀಟರ್ ಹೋಗಿರುತ್ತದೆ. ಚೆಂಡು ಕ್ಲಬ್ಬಿಗೆ ಅಂಟಿಕೊಂಡಿರುವುದು ಅರ್ಧ ಮಿಲಿಸೆಕೆಂಡಿನಷ್ಟು. ಅದೂ ಸಿಗುವುದು ಅದೃಷ್ಟವಿದ್ದರೆ ಮಾತ್ರ. ಮೋಡ ಕವಿದರೆ ಫೋನ್ ತಾನಾಗಿಯೇ ಶಟರ್ ನಿಧಾನ ಮಾಡುತ್ತದೆ, ಆಗ ಕ್ಲಬ್ ಬರೀ ಮಸುಕು ಗೆರೆ. ಆಟ ತಿದ್ದಿಕೊಳ್ಳಲು ಫೋನ್ ವಿಡಿಯೋ ಬಹಳ ಒಳ್ಳೆಯದು. ದೊಡ್ಡದು ಮಾಡಿ ಗೋಡೆಗೆ ಹಾಕುವ ಫೋಟೋಗೆ ಸಾಲದು.

ಹಸಿರುಹುಲ್ಲು
ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆ. ಮೇಡಂ, ಈ ಫೋಟೋ ಯಾವುದಕ್ಕೆ? ನಾನು ಮಕ್ಕಳಿಗೆ ಗಾಲ್ಫ್ ಕಲಿಸುವವನು. ಕೋಚ್‌ಗೆ ತೋರಿಸಲು ಅನ್ನುವುದಾದರೆ ಒಂದು ರೀತಿ ತೆಗೆಯಬೇಕು. ನೆನಪಿಗೆ ಅಂದರೆ ಪೂರ್ತಿ ಬೇರೆ ರೀತಿ.

ಕೋಚ್‌ಗೆ ಬೇಕಾದದ್ದು ಎರಡೇ ನೋಟ. ಫೇಸ್ ಆನ್, ಅಂದರೆ ಆಟಗಾರ್ತಿಯ ಎದೆಗೆ ನೇರ ಎದುರಾಗಿ. ಡೌನ್ ದಿ ಲೈನ್, ಅಂದರೆ ಹಿಂದಿನಿಂದ, ಗುರಿಯ ಕಡೆ ನೋಡುತ್ತಾ. ಎರಡರಲ್ಲೂ ಕ್ಯಾಮೆರಾ ಕೈಗಳ ಎತ್ತರದಲ್ಲಿ ಇರಬೇಕು. ಡೌನ್ ದಿ ಲೈನ್‌ನಲ್ಲಿ ಕ್ಯಾಮೆರಾ ಒಂದು ಹೆಜ್ಜೆ ಆಚೀಚೆ ಸರಿದರೂ ಸ್ವಿಂಗ್ ಪ್ಲೇನ್, ಅಂದರೆ ಕ್ಲಬ್ ಸಾಗುವ ಓರೆ ದಾರಿ, ತಪ್ಪಾಗಿ ಕಾಣುತ್ತದೆ. ಚೆನ್ನಾಗಿ ಬೀಸುವ ಮಗು ಹೊರಗಿನಿಂದ ಒಳಕ್ಕೆ ಕೊಯ್ಯುತ್ತಿದೆ ಅನ್ನಿಸಿಬಿಡುತ್ತದೆ. ಹಾಗೆ ತೆಗೆದ ಒಂದು ಫೋಟೋ ಹಿಡಿದುಕೊಂಡು ಬಂದು "ನೋಡಿ ಸರ್, ಇವನ ಪ್ಲೇನ್ ಹಾಳಾಗಿದೆ" ಅನ್ನುವ ಅಪ್ಪಂದಿರು ನನಗೆ ಆಗಾಗ ಸಿಗುತ್ತಾರೆ. ಹಾಳಾಗಿರುವುದು ಅವರು ನಿಂತ ಜಾಗ.

ಕ್ಯಾಮೆರಾಅಮ್ಮ
ಕೋಚ್‌ಗೆ ಅಲ್ಲ ಸರ್. ಅವಳು ದೊಡ್ಡವಳಾದ ಮೇಲೆ ನೋಡಲಿ ಅಂತ. ಚೆಂಡಿಗೆ ತಾಗುವ ಕ್ಷಣವೇ ಬೇಕು ಅನ್ನುವುದು ನನ್ನ ಆಸೆ.

ಮೂಲೆಮನೆ
ಗಾಲ್ಫ್ ಒಂದು ಆಟವಾ? ನಿಂತಲ್ಲೇ ನಿಂತು ಕೋಲು ಬೀಸುವುದು.

ಹದಿನಾರರಹುಡುಗ
18 ಹೋಲ್ ಬ್ಯಾಗ್ ಹೊತ್ತು ನಡೆದು ನೋಡಿ ಅಂಕಲ್. ಕಮ್ಮಿ ಅಂದರೂ ಆರೇಳು ಕಿಲೋಮೀಟರ್. ಆಮೇಲೆ ಮಾತಾಡೋಣ.

ಹಳೇಲೆನ್ಸು
ಇಂಪ್ಯಾಕ್ಟ್ ಹಿಂದೆ ಬೀಳುವವರಿಗೆ ಒಂದು ಮಾತು. ಆ ಕ್ಷಣದಲ್ಲಿ ಆಟಗಾರರ ಮುಖ ಕೆಳಗೆ ಇರುತ್ತದೆ. ಹಲ್ಲು ಕಚ್ಚಿರುತ್ತಾರೆ, ಕೆನ್ನೆ ಒಂದು ಕಡೆಗೆ ಎಳೆದಿರುತ್ತದೆ, ಅರ್ಧ ಮುಖ ಭುಜದ ಹಿಂದೆ. 15 ವರ್ಷದ ಹುಡುಗಿಗೆ ಆ ಫೋಟೋ ತೋರಿಸಿ "ನೋಡು ಎಷ್ಟು ಚೆನ್ನಾಗಿದೆ" ಅಂದರೆ ಅವಳು ಮಾತು ಬಿಡುತ್ತಾಳೆ. ತಂತ್ರದ ದೃಷ್ಟಿಯಿಂದ ಕಷ್ಟದ ಫೋಟೋ, ಅಷ್ಟೇ. ಕಷ್ಟವಾದದ್ದೆಲ್ಲ ಚೆಂದ ಅಂತ ಏನಿಲ್ಲ.

ನನ್ನ ಮಟ್ಟಿಗೆ ಸ್ವಿಂಗ್‌ನಲ್ಲಿ ಎರಡೇ ಫೋಟೋ. ಬ್ಯಾಕ್‌ಸ್ವಿಂಗ್ (ಕ್ಲಬ್ ಹಿಂದಕ್ಕೆತ್ತುವುದು) ತುದಿ, ಆಮೇಲೆ ಫಿನಿಷ್ (ಬೀಸಿ ಮುಗಿದ ಭಂಗಿ). ತುದಿಯಲ್ಲಿ ಕ್ಲಬ್ ತಿರುಗುವ ಮುಂಚೆ ಒಂದು ಗಳಿಗೆ ನಿಂತಂತಾಗುತ್ತದೆ. ಫಿನಿಷ್‌ನಲ್ಲಿ ಮೈ ಗುರಿಯ ಕಡೆ ತಿರುಗಿ, ಮುಖ ಮೇಲೆದ್ದು, ಕಣ್ಣು ಚೆಂಡನ್ನು ಹಿಂಬಾಲಿಸುತ್ತಿರುತ್ತದೆ. ಒಳ್ಳೆ ಏಟಾದರೆ ಅಲ್ಲೇ ಎರಡು ಸೆಕೆಂಡ್ ನಿಲ್ಲುತ್ತಾರೆ. ಮುಖ ಇರುವುದು ಅಲ್ಲಿ.

ಲೆಕ್ಕದಮೇಷ್ಟ್ರು
ಇದರಲ್ಲಿ ಇನ್ನೊಂದು ಲಾಭ ಇದೆ, ನೀವು ಹೇಳದೆ ಬಿಟ್ಟಿರಿ. ತುದಿಯಲ್ಲೂ ಫಿನಿಷ್‌ನಲ್ಲೂ ಕ್ಲಬ್ ಹೆಚ್ಚು ಓಡುತ್ತಿರುವುದಿಲ್ಲ. ಅಂದರೆ ಸೈಲೆಂಟ್ ಮೋಡ್‌ನಲ್ಲೂ ಅದು ನೆಟ್ಟಗೇ ಬರುತ್ತದೆ. ಬಾಗುವುದು ಓಡುವಾಗ ಮಾತ್ರ. ಮೇಡಂ, ಕ್ಲಿಕ್ ಸದ್ದು ಬೇಡ ಅನ್ನುವ ಮಗಳು, ಬಾಗಿದ ಕ್ಲಬ್ ಬೇಡ ಅನ್ನುವ ತಾಯಿ, ಇಬ್ಬರಿಗೂ ಇದರಲ್ಲಿ ರಾಜಿ ಆಗುತ್ತದೆ.

ನೆರಳುಬೆಳಕು
ಇಂಪ್ಯಾಕ್ಟ್ ಬೇಕು ಅಂದವರಿಗೆ ಬೇಡ ಅನ್ನುವುದು ಉತ್ತರವಲ್ಲ. ಹೇಗೆ ತೆಗೆಯುವುದು ಅಂತ ಹೇಳಿ.

ಬರ್ಸ್ಟ್ ನಂಬಬೇಡಿ. ಸೆಕೆಂಡಿಗೆ 20 ಫ್ರೇಮ್ ಹೊಡೆದರೂ ಎರಡು ಫ್ರೇಮ್ ನಡುವೆ 50 ಮಿಲಿಸೆಕೆಂಡ್, ಅಷ್ಟರಲ್ಲಿ ಕ್ಲಬ್ ಹೆಡ್ ಎರಡು ಮೀಟರ್ ಹೋಗಿರುತ್ತದೆ. ಚೆಂಡು ಹೇಗೆ ಸಿಗಬೇಕು? ಬ್ಯಾಕ್‌ಸ್ವಿಂಗ್‌ಗೆ ಮುಕ್ಕಾಲು ಸೆಕೆಂಡ್, ಡೌನ್‌ಸ್ವಿಂಗ್‌ಗೆ ಸುಮಾರು ಕಾಲು ಸೆಕೆಂಡ್ ಹಿಡಿಯುತ್ತದೆ. ನಮ್ಮ ಕಣ್ಣು ನೋಡಿ ಬೆರಳು ಒತ್ತುವುದಕ್ಕೂ ಹತ್ತಿರ ಹತ್ತಿರ ಅಷ್ಟೇ ಸಮಯ ಬೇಕು. ಹಾಗಾಗಿ ಕ್ಲಬ್ ಕೆಳಕ್ಕೆ ಹೊರಟದ್ದು ಕಂಡ ಕೂಡಲೇ ಒತ್ತಿದರೆ ಮೊದಲ ಫ್ರೇಮ್ ಇಂಪ್ಯಾಕ್ಟ್ ಹತ್ತಿರ ಬೀಳುತ್ತದೆ. ಒಬ್ಬರ ಸ್ವಿಂಗ್ ಲಯ ಸಲದಿಂದ ಸಲಕ್ಕೆ ಅಷ್ಟಾಗಿ ಬದಲಾಗುವುದಿಲ್ಲ, ಅದು ಬೆರಳಿಗೆ ಹತ್ತಿಬಿಡುತ್ತದೆ. ಒಂದೇ ಫ್ರೇಮ್, ಲಯಕ್ಕೆ ತಕ್ಕ ಹಾಗೆ. ಸ್ವಲ್ಪ ಬೇಗ ಆಯಿತಾ, ತಡವಾಯಿತಾ ಅಂತ ನೋಡಿ ತಿದ್ದಿಕೊಳ್ಳಿ.

ಫೋಕಸ್ ಮೊದಲೇ ಮಾಡಿ ಬೀಗ ಹಾಕಿಬಿಡಿ. ಆಟಗಾರ್ತಿ ಎಲ್ಲೂ ಓಡುವುದಿಲ್ಲ. ಬಿಟ್ಟರೆ ಆಟೋಫೋಕಸ್ ಅಡ್ಡ ಬಂದ ಕ್ಲಬ್‌ಗೋ ಕೈಗೋ ಹಾರುತ್ತದೆ.

ಸುಮ್ನೆಬಂದೆ
ಕೆಲವು ಕ್ಯಾಮೆರಾಗಳಲ್ಲಿ ಪ್ರೀ ಕ್ಯಾಪ್ಚರ್ ಇದೆಯಲ್ಲ. ಬಟನ್ ಅರ್ಧ ಒತ್ತಿಟ್ಟರೆ, ಪೂರ್ತಿ ಒತ್ತುವ ಮುಂಚಿನ ಫ್ರೇಮ್‌ಗಳೂ ಉಳಿಯುತ್ತವೆ.

ಲೆಕ್ಕದಮೇಷ್ಟ್ರು
ಇದೆ. ಆದರೆ ಅದು ಎಲೆಕ್ಟ್ರಾನಿಕ್ ಶಟರ್‌ನಲ್ಲೇ ಕೆಲಸ ಮಾಡುವುದು. ನಿಧಾನದ ಸೆನ್ಸರ್ ಇದ್ದರೆ ಮತ್ತೆ ಕ್ಲಬ್ ಬಾಗುತ್ತದೆ.

ಸುಮ್ನೆಬಂದೆ
ಅಯ್ಯೋ.

ದೂರನಿಲ್ಲಿ
ಎಲ್ಲರೂ ಶಟರ್, ಫ್ರೇಮ್ ಅಂತ ಮಾತಾಡುತ್ತಿದ್ದೀರಿ. ಎಲ್ಲಿ ನಿಲ್ಲಬೇಕು ಅಂತ ಯಾರೂ ಹೇಳಲಿಲ್ಲ. ಚೆಂಡಿನ ಮುಂದೆ ನಿಲ್ಲಲೇಬೇಡಿ. ಬದಿಯಲ್ಲಿ ಸ್ವಲ್ಪ ಮುಂದೆ ಅಂದರೂ ಬೇಡ. ಬಲಗೈ ಆಟಗಾರ್ತಿಗೆ ಶ್ಯಾಂಕ್ ಆದರೆ ಚೆಂಡು ಕ್ಲಬ್‌ನ ಬುಡಕ್ಕೆ ತಾಗಿ ಬಲಕ್ಕೆ ಸಿಡಿಯುತ್ತದೆ. ಫೇಸ್ ಆನ್ ತೆಗೆಯುವವರು ನಿಂತಿರುವುದೂ ಅದೇ ಬದಿಯಲ್ಲಿ. ಅದಕ್ಕೇ ಚೆಂಡಿಗೆ ಸಮನಾಗಿ ಅಥವಾ ಒಂದೆರಡು ಹೆಜ್ಜೆ ಹಿಂದೆ, ದೂರದಲ್ಲಿ ನಿಂತು ಉದ್ದ ಲೆನ್ಸ್ ಬಳಸಿ. 46 ಗ್ರಾಂ ತೂಕದ ಗಟ್ಟಿ ಚೆಂಡು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬಂದರೆ ಲೆನ್ಸ್ ಹೋಗಲಿ, ಕಣ್ಣು ಹೋಗುತ್ತದೆ.

ನೆರಳುಬೆಳಕು
ಎದುರಿನಿಂದ, ಕ್ಯಾಮೆರಾ ಕಡೆಗೇ ಹೊಡೆಯುತ್ತಿರುವ ಹಾಗೆ ಕಾಣುವ ಫೋಟೋ ಬೇಕಾದರೆ ಚೆಂಡಿಲ್ಲದೆ ಬೀಸಲು ಹೇಳಿ. ಅಥವಾ ಟ್ರೈಪಾಡ್ ಇಟ್ಟು ರಿಮೋಟ್.

ಹಸಿರುಹುಲ್ಲು
ಚೆಂಡಿಲ್ಲದ ಸ್ವಿಂಗ್ ನೋಡಿದ ತಕ್ಷಣ ಗೊತ್ತಾಗುತ್ತದೆ. ಚೆಂಡು ಇಲ್ಲದಿದ್ದರೆ ಎಲ್ಲರದ್ದೂ ಚೆಂದದ ಸ್ವಿಂಗೇ. ಮುಖದಲ್ಲಿ ಆ ಬಿಗಿ ಇರುವುದಿಲ್ಲ.

ನೆರಳುಬೆಳಕು
ಆ ಬಿಗಿಯೇ ಬೇಡ ಅಂತ ತಾನೇ ಹುಡುಗಿ ಗಲಾಟೆ ಮಾಡುತ್ತಿರುವುದು!

ದೂರನಿಲ್ಲಿ
ರಿಮೋಟ್ ಇಟ್ಟರೂ ಲೆನ್ಸ್ ಚೆಂಡಿನ ದಾರಿಯಲ್ಲೇ ಇರುತ್ತದೆ. ಅದಕ್ಕೆ ಮುಂದೆ ಬಲೆ ಇರಬೇಕು. ಬಲೆಗೆ ಲೆನ್ಸ್ ಅಂಟಿಸಿಟ್ಟರೆ ಚೆಂಡು ಬಲೆಯ ಜೊತೆಗೇ ಬಂದು ಬಡಿಯುತ್ತದೆ, ಒಂದೆರಡು ಮೀಟರ್ ಬಿಡಿ.

ಕ್ಯಾಮೆರಾಅಮ್ಮ
ಅಬ್ಬಾ, ಎಷ್ಟೊಂದು ವಿಷಯ. ಟೋಪಿ ನೆರಳಿಗೆ ಏನು ಮಾಡಲಿ? ತೆಗೆ ಅಂದರೆ ತೆಗೆಯುವುದಿಲ್ಲ.

ನೆರಳುಬೆಳಕು
ಟೋಪಿ ಇರಲಿ. ಗಂಟೆ ಬದಲಿಸಿ. ನಡುಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಇದ್ದಾಗ ಟೋಪಿಯ ಅಂಚು ಕಣ್ಣು ಮೂಗು ಎಲ್ಲ ಮುಚ್ಚಿಬಿಡುತ್ತದೆ. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ನೋಡಿ. ರೇಂಜ್‌ನಲ್ಲಿ, ಅಂದರೆ ಅಭ್ಯಾಸದ ಮೈದಾನದಲ್ಲಿ, ಹೊಡೆಯುವ ದಿಕ್ಕು ಬದಲಾಗುವುದಿಲ್ಲ. ಹಾಗಾಗಿ ಮುಖಕ್ಕೆ ಬೆಳಕು ಬೆಳಗ್ಗೆ ಬೀಳುತ್ತದಾ, ಸಂಜೆ ಬೀಳುತ್ತದಾ ಅನ್ನುವುದು ಆ ಜಾಗವೇ ತೀರ್ಮಾನ ಮಾಡಿರುತ್ತದೆ. ಕ್ಯಾಮೆರಾ ಇಲ್ಲದೆ ಒಮ್ಮೆ ಹೋಗಿ ಸುಮ್ನೆ ನೋಡಿಕೊಂಡು ಬನ್ನಿ.

ತೆಳುಮೋಡ ಇದ್ದರೆ ಇನ್ನೂ ಚೆನ್ನ. ನೆರಳು ಮೆತ್ತಗಾಗುತ್ತದೆ. ಬಂಕರ್‌ನಲ್ಲಿ (ಮರಳುಗುಂಡಿ) ನಿಂತಾಗ ಬಿಳಿ ಮರಳು ಕೆಳಗಿನಿಂದ ಬೆಳಕು ಎಸೆಯುತ್ತದೆ, ಮಧ್ಯಾಹ್ನವೂ ಟೋಪಿಯೊಳಗಿನ ಮುಖ ಬೆಳಗುತ್ತದೆ. ಮರಳು ಚಿಮ್ಮುವುದು ಒಂದಿಷ್ಟು ಹೊತ್ತು ಗಾಳಿಯಲ್ಲೇ ಇರುತ್ತದೆ, ಹಾಗಾಗಿ ಟೈಮಿಂಗ್ ಕೂಡ ಸುಲಭ. ಕ್ಲಬ್ ಮರಳಿಗೆ ಇಳಿಯುವ ಕ್ಷಣವೇ ಬೇಕು ಅಂತಿಲ್ಲ, ಅದರ ನಂತರದ್ದೂ ಫೋಟೋನೇ. ಸ್ವಿಂಗ್ ಫೋಟೋಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಬಿಳಿ ಶರ್ಟ್, ಬಿಳಿ ಗ್ಲೋವ್, ಬಿಳಿ ಚೆಂಡು ಮೂರೂ ಬಿಸಿಲಿನಲ್ಲಿ ಸುಟ್ಟುಹೋಗುತ್ತವೆ. ಎಕ್ಸ್‌ಪೋಶರ್ ಸ್ವಲ್ಪ ಕಮ್ಮಿ ಇಟ್ಟು, ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಕಚ್ಚಾ ಫೈಲ್) ತೆಗೆದು, ಆಮೇಲೆ ಮುಖದ ನೆರಳನ್ನು ಎತ್ತಿಕೊಳ್ಳಿ.

ಹೊಸಬಾಡಿ
ನೆರಳು ತುಂಬಲು ಫಿಲ್ ಫ್ಲಾಶ್?

ಹದಿನಾರರಹುಡುಗ
ಕಣ್ಣಿಗೆ ಫ್ಲಾಶ್ ಹೊಡೆದರೆ ನಾನಾಗಿದ್ದರೆ ಕ್ಲಬ್ ಅಲ್ಲೇ ಎಸೆದು ಮನೆಗೆ ಹೋಗುತ್ತಿದ್ದೆ.

ಹಳೇಲೆನ್ಸು
ಮೇಡಂ ಲೆನ್ಸ್ 70-300, ಉದ್ದದ ತುದಿಯಲ್ಲಿ ಎಫ್/5.6 (ಲೆನ್ಸ್ ತೆರೆಯುವ ಅಳತೆ) ಅಂತ ಇಟ್ಟುಕೊಳ್ಳೋಣ. ಬಿಸಿಲಿಗೆ ಹಳೇ ಸೂತ್ರ ಇದೆಯಲ್ಲ, ಎಫ್/16, ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 100, ಶಟರ್ 1/100. ಅದೇ ಲೆಕ್ಕದಲ್ಲಿ ಎಫ್/5.6ಕ್ಕೆ 1/800 ಆಯಿತು. 1/3200 ಬೇಕಾದರೆ ಐಎಸ್ಒ 400. ಏನೂ ತೊಂದರೆ ಇಲ್ಲ. ದಟ್ಟ ಮೋಡವಾದರೆ ಐಎಸ್ಒ 3200ರ ತನಕ ಹೋಗಬೇಕಾಗಬಹುದು. ಗ್ರೇನ್‌ಗೆ, ಅಂದರೆ ಚುಕ್ಕೆಚುಕ್ಕೆಗೆ, ಹೆದರಬೇಡಿ.

ಲೆಕ್ಕದಮೇಷ್ಟ್ರು
1/1000 ಸಾಕು ಅನ್ನುವವರೂ ಇದ್ದಾರೆ. ಅದರಲ್ಲಿ ಕ್ಲಬ್ ಹೆಡ್ 4 ಸೆಂಟಿಮೀಟರ್ ಎಳೆಯುತ್ತದೆ. ಗಾಲ್ಫ್ ಚೆಂಡಿನ ವ್ಯಾಸವೇ 4.3 ಸೆಂಟಿಮೀಟರ್. ಅಂದರೆ ಚೆಂಡಿನಷ್ಟು ಉದ್ದದ ಮಸುಕು. 1/4000ರಲ್ಲಿ ಒಂದು ಸೆಂಟಿಮೀಟರ್.

ಹಳೇಲೆನ್ಸು
ಆ ಮಸುಕು ಇರಲಿ ಅನ್ನುವ ಪಂಗಡ ನನ್ನದು. ಎಲ್ಲವೂ ಕಲ್ಲಿನಂತೆ ನಿಂತರೆ ಅವಳು ಬೀಸುತ್ತಿದ್ದಾಳೋ ಸುಮ್ಮನೆ ನಿಂತಿದ್ದಾಳೋ ಗೊತ್ತಾಗುವುದಿಲ್ಲ. ಕೈಗಳು ಕ್ಲಬ್ ಹೆಡ್‌ಗಿಂತ ಎಷ್ಟೋ ನಿಧಾನ, 1/1000ರಲ್ಲಿ ಕೈ ಮುಖ ಸ್ಪಷ್ಟವಾಗಿಯೇ ಬರುತ್ತವೆ.

ಇನ್ನೂ ಮುಂದೆ ಹೋಗಿ ಅನ್ನುತ್ತೇನೆ. ಟ್ರೈಪಾಡ್ ಹಾಕಿ, ಎಫ್/11, ಐಎಸ್ಒ 100, ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಎನ್‌ಡಿ8 ಫಿಲ್ಟರ್. ಬಿಸಿಲಿನಲ್ಲಿ 1/25 ಸಿಗುತ್ತದೆ. ಕ್ಲಬ್ ಒಂದು ಬೀಸಣಿಗೆಯಾಗಿ ಹರಡುತ್ತದೆ. ಒಳ್ಳೆ ಆಟಗಾರರ ತಲೆ ಇಂಪ್ಯಾಕ್ಟ್ ತನಕ ಹೆಚ್ಚು ಅಲ್ಲಾಡುವುದಿಲ್ಲ, ಹಾಗಾಗಿ ಮುಖ ಉಳಿಯುತ್ತದೆ. ಕೋಚ್ ಕೇಳುತ್ತಿದ್ದಾರೆ ಅಲ್ವಾ, ತಲೆ ಅಲ್ಲಾಡಿಸುವವರಿಗೆ ಇದೇ ಒಂದು ಪರೀಕ್ಷೆ.

ಹಸಿರುಹುಲ್ಲು
ಕೇಳುತ್ತಿದ್ದೇನೆ. ತಲೆ ಅಲ್ಲಾಡಬಾರದು ಅನ್ನುವುದೂ ಅರ್ಧ ಸತ್ಯ. ತುಸು ಸರಿದರೆ ತಪ್ಪಿಲ್ಲ. ಮಕ್ಕಳಿಗೆ "ತಲೆ ಅಲ್ಲಾಡಿಸಬೇಡ" ಅಂತ ಹೇಳಿ ಹೇಳಿ ಮೈಯೆಲ್ಲಾ ಬಿಗಿ ಮಾಡಿಸಿಬಿಡುತ್ತಾರೆ. ದಯವಿಟ್ಟು ಈ ಫೋಟೋ ಇಟ್ಟುಕೊಂಡು ಮಗುವಿಗೆ ಪಾಠ ಮಾಡಬೇಡಿ.

ಹದಿನಾರರಹುಡುಗ
ಆಡುವವರ ಕಡೆಯಿಂದ ಒಂದಿಷ್ಟು ಹೇಳಲಾ? ನಮ್ಮಪ್ಪನೂ ಫೋಟೋ ತೆಗೆಯುತ್ತಾರೆ.

ಕ್ಲಿಕ್ ಸದ್ದಿಗಿಂತ ಜಾಸ್ತಿ ಕಾಟ ಕೊಡುವುದು ಕಣ್ಣಂಚಿನಲ್ಲಿ ಅಲ್ಲಾಡುವುದು. ನಾನು ಚೆಂಡಿನ ಮುಂದೆ ನಿಂತ ಮೇಲೆ ಅಪ್ಪ ಕೂರುವುದು, ಏಳುವುದು, ಲೆನ್ಸ್ ತಿರುಗಿಸುವುದು. ಮೊದಲೇ ಜಾಗ ಹಿಡಿದು ಕೂತರೆ ಮರೆತೇ ಹೋಗುತ್ತದೆ. ಪಟ್ ಮಾಡುವಾಗ (ಚೆಂಡನ್ನು ಕುಳಿಗೆ ಉರುಳಿಸುವಾಗ) ನನ್ನ ಗೆರೆಯ ಆಚೆ ತುದಿಯಲ್ಲಿ ಕೂರುವುದಂತೂ ಬೇಡವೇ ಬೇಡ.

ಎರಡನೆಯದು, ಆಟದ ನಡುವೆ ಸ್ಕ್ರೀನ್ ತೋರಿಸಿ "ನೋಡು, ಮೊಣಕೈ ಹಾರುತ್ತಿದೆ" ಅನ್ನುವುದು. ಆಮೇಲೆ ಇಡೀ ದಿನ ತಲೆಯಲ್ಲಿ ಮೊಣಕೈ ಮಾತ್ರ.

ಮೂರನೆಯದು, ನನ್ನನ್ನು ಕೇಳದೆ ಊರಿಗೆಲ್ಲ ಕಳಿಸುವುದು.

ದೂರನಿಲ್ಲಿ
ಎರಡನೆಯದು ಬರೀ ಕಿರಿಕಿರಿ ಅಲ್ಲ, ಸ್ಪರ್ಧೆಯಲ್ಲಾದರೆ ನಿಯಮದ ವಿಷಯ. ರೂಲ್ 10.2 ಪ್ರಕಾರ ರೌಂಡ್ ನಡೆಯುವಾಗ ಆಟಗಾರ ತನ್ನ ಕ್ಯಾಡಿಯನ್ನು (ಬ್ಯಾಗ್ ಹೊರುವ ಸಹಾಯಕ) ಬಿಟ್ಟು ಬೇರೆ ಯಾರ ಹತ್ತಿರವೂ ಸಲಹೆ ಕೇಳುವಂತಿಲ್ಲ. ಮಗ "ಅಪ್ಪಾ, ಸ್ವಿಂಗ್ ಹೇಗಿತ್ತು, ಏನು ಬದಲಿಸಲಿ" ಅಂತ ಕೇಳಿದರೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಏಟು ಎಣಿಸುವ ಆಟ) ಎರಡು ಸ್ಟ್ರೋಕ್ ದಂಡ. ಕ್ಯಾಮೆರಾ ಬ್ಯಾಗ್‌ನಲ್ಲೇ ಇರಲಿ, ಕೊನೆಯ ಹೋಲ್ ಮುಗಿಯುವ ತನಕ.

ಸುಮ್ನೆಬಂದೆ
ಕ್ಲಿಕ್ ಅಂದಾಗ ನೆನಪಾಯಿತು. 2002ರಲ್ಲಿ ಟೈಗರ್ ವುಡ್ಸ್ ಬಂಕರ್‌ನಿಂದ ಹೊಡೆಯುವಾಗ ಯಾರೋ ಕ್ಲಿಕ್ ಮಾಡಿದರು ಅಂತ ಅವರ ಕ್ಯಾಡಿ ಸ್ಟೀವ್ ವಿಲಿಯಮ್ಸ್ ಕ್ಯಾಮೆರಾ ಕಿತ್ತು ಕೊಳಕ್ಕೆ ಎಸೆದಿದ್ದರು. ಮೇಡಂ, ಹುಷಾರು.

ಕ್ಯಾಮೆರಾಅಮ್ಮ
ನಮ್ಮ ಮನೆಯಲ್ಲಿ ಕ್ಯಾಡಿ ನಾನೇ. ಅಷ್ಟರ ಮಟ್ಟಿಗೆ ಬಚಾವು.

ಹುಡುಗ ಹೇಳಿದ ಮೂರನೆಯ ಮಾತು ಮಗಳಿಗೆ ಓದಿ ಹೇಳಿದೆ. "ಇವನು ಯಾರು, ಇವನಿಗೆ ನನ್ನ ಓಟು" ಅಂದಳು.

ಮೂಲೆಮನೆ
ಹೆತ್ತವರು ತೆಗೆದ ಫೋಟೋಗೆ ಮಕ್ಕಳ ಅಪ್ಪಣೆ ಬೇಕಾ? ಕಾಲ ಕೆಟ್ಟಿದೆ.

ಹಳೇಲೆನ್ಸು
ತೆಗೆಯುವುದಕ್ಕೆ ಬೇಡ ಅನ್ನಿ. ಹಂಚುವುದಕ್ಕೆ ಬೇಕು. ಸ್ವಿಂಗ್ ಫೋಟೋದಲ್ಲಿ ಏನೇನು ಬಂದುಬಿಡುತ್ತದೆ ನೋಡಿ: ಬ್ಯಾಗ್ ಮೇಲೆ ಹೆಸರು, ಶರ್ಟ್ ಮೇಲೆ ಶಾಲೆಯ ಗುರುತು, ಹಿಂದೆ ಜಾಗದ ಬೋರ್ಡ್. ಪ್ರತಿ ವಾರ ಅದೇ ಗಂಟೆಗೆ ಅದೇ ಜಾಗದ ಫೋಟೋ ಹಾಕುತ್ತಾ ಹೋದರೆ, ಮಗು ಯಾವಾಗ ಎಲ್ಲಿರುತ್ತದೆ ಅಂತ ಅಪರಿಚಿತರಿಗೂ ಗೊತ್ತಾಗುತ್ತದೆ. ಹಿನ್ನೆಲೆ ಶುಭ್ರ ಇರಲಿ ಅಂತ ನಾವು ಹೇಳುವುದು ಬರೀ ಅಂದಕ್ಕಲ್ಲ.

ನೆರಳುಬೆಳಕು
ಅಂದಕ್ಕೂ ಹೌದು. ತಲೆಯ ಹಿಂದಿನಿಂದ ಕಂಬ ಹೊರಟ ಸ್ವಿಂಗ್ ಫೋಟೋ ಎಷ್ಟು ನೋಡಿದ್ದೇನೋ. ರೇಂಜ್‌ನಲ್ಲಿ ತುದಿಯ ಜಾಗ ಹಿಡಿದರೆ ಪಕ್ಕದ ಆಟಗಾರರು ಬರುವುದಿಲ್ಲ. ಮಂಡಿಯೂರಿ ಕೂತರೆ ಕಪ್ಪು ಮರಗಳ ಬದಲು ಆಕಾಶ ಸಿಗುತ್ತದೆ, ಕ್ಲಬ್ ಎದ್ದು ಕಾಣುತ್ತದೆ.

ಫೋನ್‌ಸಾಕು
ನನ್ನ ಮಗ ಎಡಗೈ. ಮೇಲೆ ಹೇಳಿದ್ದೆಲ್ಲ ತಿರುವುಮುರುವು ಮಾಡಿಕೊಳ್ಳಬೇಕಾ?

ದೂರನಿಲ್ಲಿ
ಹೌದು. ಶ್ಯಾಂಕ್ ಎಡಕ್ಕೆ ಹೋಗುತ್ತದೆ, ನೀವು ಎದೆಗೆ ಎದುರು ನಿಂತರೆ ಮತ್ತೆ ನಿಮ್ಮ ಬದಿಗೇ. ಬೆಳಕಿನ ಗಂಟೆಯೂ ಅದಲುಬದಲು. ಅದೇ ರೇಂಜ್‌ನಲ್ಲಿ ಬಲಗೈಯವರಿಗೆ ಬೆಳಗ್ಗೆ ಮುಖಕ್ಕೆ ಬಿಸಿಲು ಬಿದ್ದರೆ, ಅವನಿಗೆ ಬೀಳುವುದು ಸಂಜೆ.

ಹಸಿರುಹುಲ್ಲು
ಎಡಗೈ ಅಂದರೆ ನೆನಪಾಗುವುದು ಅಮೆರಿಕದ ಗಾಲ್ಫ್ ಆಟಗಾರ ಫಿಲ್ ಮಿಕಲ್ಸನ್. ಅವರು ಬಾಕಿ ಎಲ್ಲಕ್ಕೂ ಬಲಗೈಯವರು. ಚಿಕ್ಕವರಿದ್ದಾಗ ಅಪ್ಪನ ಎದುರು ನಿಂತು, ಅಪ್ಪನ ಸ್ವಿಂಗನ್ನು ಕನ್ನಡಿಯಲ್ಲಿ ನೋಡಿದಂತೆ ಕಲಿತರು. ಹಾಗಾಗಿ ಗಾಲ್ಫ್ ಮಾತ್ರ ಎಡಗೈ.

ಫೋನ್‌ಸಾಕು
ನನ್ನ ಮಗ ಊಟಕ್ಕೂ ಎಡಗೈ, ಜಗಳಕ್ಕೂ ಎಡಗೈ.

ಕ್ಯಾಮೆರಾಅಮ್ಮ
ಮತ್ತೆ ಬಂದೆ. ರೇಂಜ್‌ನ ತುದಿಯ ಜಾಗ, ಸಂಜೆ ಬಿಸಿಲು, ಮೆಕ್ಯಾನಿಕಲ್ ಶಟರ್, 1/3200. ದೂರ ನಿಂತಿದ್ದಕ್ಕೋ, ಅಕ್ಕಪಕ್ಕದವರ ಏಟಿನ ಸದ್ದಿಗೋ, ಕ್ಲಿಕ್ ಬಗ್ಗೆ ಅವಳು ಬಾಯಿಬಿಡಲಿಲ್ಲ. ಕ್ಲಬ್ ನೆಟ್ಟಗೆ ಬಂದಿದೆ. ಚೆಂಡು ಟೀ (ಚೆಂಡು ಇಡುವ ಪುಟ್ಟ ಗೂಟ) ಬಿಟ್ಟು ಒಂದು ಗೇಣು ಮುಂದೆ ಇರುವ ಫೋಟೋ ಕೂಡ ಸಿಕ್ಕಿತು, ಒಂದೇ ಫ್ರೇಮ್ ಒತ್ತುವ ಉಪಾಯದಿಂದ. ನನಗೆ ಖುಷಿಯೋ ಖುಷಿ. ಅವಳು ನೋಡಿ "ಮುಖ ಅಸಹ್ಯ" ಅಂದು ಮುಂದಕ್ಕೆ ಹೋದಳು.

ಅವಳು ಆರಿಸಿದ್ದು ಹಿಂದಿನಿಂದ ತೆಗೆದ ಫಿನಿಷ್. ಮುಖವೇ ಕಾಣುವುದಿಲ್ಲ, ಜಡೆ ಮತ್ತು ಆಕಾಶ. ಅದನ್ನು ಇಲ್ಲಿ ಹಾಕಬಹುದು ಅಂತ ಅವಳೇ ಹೇಳಿದಳು, ಬ್ಯಾಗ್ ಕತ್ತರಿಸಿ. ಹಾಕಿದ್ದೇನೆ, ನೋಡಿ.

ಹಸಿರುಹುಲ್ಲು
ತೂಕ ಪೂರ್ತಿ ಎಡಗಾಲಿಗೆ ಬಂದಿದೆ, ಬಲಗಾಲು ಬರೀ ಬೆರಳ ತುದಿಯಲ್ಲಿ. ಬಹಳ ಚೆನ್ನಾಗಿದೆ. ಇಷ್ಟು ಮಾತ್ರ ಹೇಳಿ ಅವಳಿಗೆ, ಬೇರೇನೂ ಬೇಡ.

ಹದಿನಾರರಹುಡುಗ
ಸೂಪರ್ ಫಿನಿಷ್.

ಲೆಕ್ಕದಮೇಷ್ಟ್ರು
ಫೋಟೋ ಚೆನ್ನಾಗಿದೆ. ಆದರೆ ನೆಲ ಎಡಕ್ಕೆ ಒಂದೆರಡು ಡಿಗ್ರಿ ವಾಲಿದೆ. ತಿರುಗಿಸಿ ಕ್ರಾಪ್ ಮಾಡಿ.

ಹಳೇಲೆನ್ಸು
ಮೇಷ್ಟ್ರೇ, ಹಿಂದಿನ ಮರಗಳನ್ನು ನೋಡಿ, ನೆಟ್ಟಗಿವೆ. ಅಲ್ಲಿ ನೆಲವೇ ಇಳಿಜಾರು. ಹಾಗೇ ಬಿಡಿ ಮೇಡಂ.

ಲೆಕ್ಕದಮೇಷ್ಟ್ರು
ಎಡಗಡೆಯ ಮೂರನೇ ಮರ?

ಹಳೇಲೆನ್ಸು
ಅದು ಹುಟ್ಟಿದ್ದೇ ಸೊಟ್ಟಗೆ.